ಅವ್ವ ಕೊಟ್ಟ ಲೋಳಸರ

ನನ್ನ ತವರಿನ ಬಾಗಿಲ ಚೌಕಟ್ಟಿಗೆ ಒಂದು ಲೋಳಸರ ತಲೆಕೆಳಗಾಗಿ ತೂಗುತ್ತಿತ್ತು. ಯಾವುದೋ ಅಮಾವಾಸ್ಯೆಯ ದಿನ ಅವ್ವ ಅದನ್ನು ಕರಿಯ ಕಂಬಳಿ ದಾರದಿಂದ ಕಟ್ಟಿದ್ದಳು, ಮನೆಗೆ ಯಾರ ಕಣ್ಣೂ ಬೀಳದಿರಲಿ ಎಂದು. ಅದಕ್ಕೆ ಮಣ್ಣಿಲ್ಲ, ನೀರಿಲ್ಲ. ಬೇರು ಆಕಾಶ ನೋಡುತ್ತಿದ್ದರೆ ಎಲೆಯ ತುದಿಗಳು ಬಂದವರ ತಲೆ ಮುಟ್ಟುತ್ತಿದ್ದವು. ಆದರೂ ಒಂದೆರಡು ವರ್ಷಕ್ಕೊಮ್ಮೆ ಮೊಂಡು ಹಿಡಿದು ಹೂ ಬಿಡುತ್ತಿತ್ತು. ನಾನು ಮದುವೆಯಾಗಿ ದಾಂಡೇಲಿಗೆ ಹೊರಟ ದಿನ ಅವ್ವ ಸ್ಟೂಲು ಹತ್ತಿ ಅದನ್ನು ಬಿಚ್ಚಿ, ಹಳೆಯ ಕುಬುಸದಲ್ಲಿ ಸುತ್ತಿ, ನನ್ನ ಟ್ರಂಕಿನಲ್ಲಿ ಸೀರೆಗಳ ಮೇಲೆ ಇಟ್ಟಳು.

"ಅಡವಿ ಊರಂತ. ನಮ್ಮವರು ಅಂತ ಅಲ್ಲಿ ಯಾರೂ ಇಲ್ಲ. ಇದು ನಿನ್ನ ಬಾಗಲಾ ಕಾಯ್ಲಿ," ಅಂದಳು. ಆಮೇಲೆ ಮುಖ ಆಚೆ ತಿರುಗಿಸಿ, "ನನ್ನ ಕೈಯಾಗಿಂದು ಅದು. ಹೋಗಗೊಡಬ್ಯಾಡ ನನ ಮಗಳ," ಅಂದಳು.

ನಾನು ಅಳುತ್ತಲೇ ಹೂಂ ಅಂದೆ. ಬೆಳ್ಳಿ ಬಂಗಾರ ಕೊಡುವ ಶಕ್ತಿ ನಮ್ಮ ಮನೆಗಿರಲಿಲ್ಲ. ಅವ್ವನಿಂದ ನನಗೆ ಅಂತ ಬಂದದ್ದು ಅದೊಂದೇ ಗಿಡ, ಅದನ್ನು ಕಾಪಾಡುತ್ತೇನೆ ಅಂತ ಒಪ್ಪಿಕೊಂಡೇ ಬಂಡಿ ಹತ್ತಿದೆ.

ನಮ್ಮದು ನವಲಗುಂದದ ಕಡೆಯ ಎರೆಭೂಮಿ. ಬಾವಿಯ ನೀರು ಸವಳು, ಕುಡಿಯಲು ಕೆರೆಯ ನೀರೇ ಬೇಕು. ಉಂಡ ತಾಟನ್ನು ತೊಳೆದು ಆ ನೀರನ್ನೂ ಕುಡಿಯುವ ಜನ ನಾವು. ಮುಖ ತೊಳೆದ ನೀರು ಎಮ್ಮೆಯ ಬಾನಿಗೆ ಹೋಗುತ್ತಿತ್ತು, ಪಾತ್ರೆ ತೊಳೆದದ್ದು ಕರಿಬೇವಿಗೆ. ಚರಿಗೆಯಿಂದ ಒಂದು ಹನಿ ಚೆಲ್ಲಿದರೆ ಅವ್ವ, "ಕೆರಿ ನಿಮ್ಮಪ್ಪಂದೇನು?" ಅಂತ ಕೇಳುತ್ತಿದ್ದಳು. ಅಪ್ಪ ಪಕ್ಕದಲ್ಲೇ ಕೂತಿರುತ್ತಿದ್ದ ಪಾಪ, ಅವನಿಗೂ ಸೇರಿಸಿಯೇ ಆ ಬೈಗುಳ.

ಹಾಗಾಗಿ ದಾಂಡೇಲಿಯ ನಲ್ಲಿಯನ್ನು ಮೊದಲ ಸಲ ತಿರುವಿದಾಗ ನನಗೆ ಏನಾಯಿತೆಂದು ಬೇರೆ ಕಡೆಯವರಿಗೆ ಹೇಳಿ ತಿಳಿಸುವುದು ಕಷ್ಟ. ನನ್ನ ಯಜಮಾನರು ಕಾಗದದ ಗಿರಣಿಯಲ್ಲಿ ಕೆಲಸಕ್ಕಿದ್ದರು. ನಮಗೆ ಚಾಳಿನ ಸಾಲಿನಲ್ಲಿ ಎರಡು ಕೋಣೆಯ ಮನೆ, ಹಿಂದೆ ಒಂದು ಚೂರು ಅಂಗಳ, ಆ ಅಂಗಳದಲ್ಲಿ ನಮ್ಮದೇ ಒಂದು ನಲ್ಲಿ. ಕೊಡ ಇಟ್ಟು ಸೆರಗು ಸಿಕ್ಕಿಸಿಕೊಳ್ಳುವಷ್ಟರಲ್ಲಿ ತುಂಬಿ ಹರಿಯುತ್ತಿತ್ತು. ಗಿರಣಿಯ ಗಬ್ಬು ವಾಸನೆ, ಬಿದಿರು ಹೊತ್ತು ಬರುವ ಲಾರಿಗಳ ಗದ್ದಲ, ಪಾಳಿ ಬದಲಾಗುವಾಗ ಕೂಗುವ ಭೋಂಗಾ, ಇವೆಲ್ಲ ನನಗೆ ಒಂದು ಚೂರೂ ಸೇರುತ್ತಿರಲಿಲ್ಲ. ಆ ನಲ್ಲಿ ಮಾತ್ರ ಸೇರಿತು. ಯಾರೂ ಇಲ್ಲದ ಹೊತ್ತಿನಲ್ಲಿ ಅದನ್ನು ತಿರುವಿ ಸುಮ್ಮನೆ ಕೈ ಒಡ್ಡಿಕೊಂಡು ನಿಲ್ಲುತ್ತಿದ್ದೆ. ಅಲ್ಲಿ ಅವ್ವ ಬಿಸಿಲಿನಲ್ಲಿ ಕೆರೆಯ ದಂಡೆ ಹತ್ತುತ್ತಿರುತ್ತಾಳೆ ಎಂದು ನೆನಪಾದ ಕೂಡಲೇ ನಲ್ಲಿ ಬಂದ್ ಮಾಡುತ್ತಿದ್ದೆ.

ಲೋಳಸರವನ್ನು ಬಾಗಿಲಿಗೆ ಕಟ್ಟಬೇಕಿತ್ತು. ಕಟ್ಟಲಿಲ್ಲ. ಟ್ರಂಕಿನಿಂದ ತೆಗೆದಾಗ ಅದು ಎಷ್ಟು ಸೊರಗಿತ್ತೆಂದರೆ, ಜನ್ಮವಿಡೀ ಉಪವಾಸ ಇದ್ದವರನ್ನು ನೋಡಿದಂತಾಯಿತು. ಇಷ್ಟು ನೀರಿರುವ ಊರಿಗೆ ಬಂದು ಇದೂ ಯಾಕೆ ಒಣಗಬೇಕು? ನಮ್ಮವರಿಗೆ ಹೇಳಿ ಒಂದು ಖಾಲಿ ಡಾಲ್ಡಾ ಡಬ್ಬಿ ತರಿಸಿದೆ. ಅವರು ಮೊಳೆ ಹೊಡೆದು ಅದರ ತಳಕ್ಕೆ ಒಂದು ತೂತು ಮಾಡಿಕೊಟ್ಟರು.

"ಗಟ್ಟಿ ಡಬ್ಬಿಗೆ ಯಾಕ ತೂತ ಹಾಕಿದ್ರಿ?" ಅಂತ ಜಗಳ ತೆಗೆದೆ. ನಮ್ಮೂರಿನಲ್ಲಿ ಸೋರುವ ಕೊಡ ಮನೆಯಲ್ಲಿದ್ದರೆ ಊಟ ಸೇರುತ್ತಿರಲಿಲ್ಲ. ಒಲೆಯ ಮುಂದೆ ಕೂತು ಅರಗು ಕಾಯಿಸಿ ಮುಚ್ಚಿಯೇ ಏಳುತ್ತಿದ್ದರು.

"ನೀರ ಹರದ ಹೋಗಬೇಕಲ್ಲ ಮಾರಾಯ್ತಿ, ಅದಕ್ಕ," ಅಂದರು ನಮ್ಮವರು.

"ಹೋಗಲಿಕ್ಕೆ ಯಾಕ್ರೀ ಹಾಕಬೇಕು ನೀರು?" ಅಂದೆ. ಅವರು ಪಾಳಿಗೆ ಹೊತ್ತಾಯಿತೆಂದು ಸೈಕಲ್ ಹತ್ತಿದರು. ನಾನು ರಸ್ತೆ ಕೆಲಸದವರ ಹತ್ತಿರ ಹೋಗಿ ಒಂದು ಉಂಡೆ ಡಾಂಬರು ತಂದು, ಕಾಯಿಸಿ, ಆ ತೂತನ್ನು ಒಂದು ಹನಿಯೂ ಜಿನುಗದಂತೆ ಮುಚ್ಚಿದೆ. ಅಂಗಳದ ಎರೆಯಂಥ ಅಂಟು ಮಣ್ಣನ್ನು ತುಂಬಿ ಲೋಳಸರ ನೆಟ್ಟೆ. ಬೆಳಿಗ್ಗೆ ಒಂದು ಚರಿಗೆ, ಸಂಜೆ ಒಂದು ಚರಿಗೆ.

ಅದು ಉಬ್ಬಿತು ನೋಡಿ! ಎಲೆಗಳು ತುಂಬಿಕೊಂಡು ಮಿಂಚತೊಡಗಿದವು. ಅವ್ವ ಇದನ್ನು ನೋಡಬೇಕಿತ್ತು ಎಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಳೆಗಾಲ ಶುರುವಾಯಿತು. ನಮ್ಮ ಕಡೆ ಮಳೆ ಬಂದರೆ ಬಂತು, ಹೋದರೆ ಹೋಯಿತು. ಇಲ್ಲಿಯ ಮಳೆಗೆ ಹೋಗುವುದೇ ಗೊತ್ತಿರಲಿಲ್ಲ. ಒಳ್ಳೆಯದೇ ಆಯಿತು ಎಂದು ಡಬ್ಬಿಯನ್ನು ಅಂಗಳದ ನಡುವೆ ಇಟ್ಟೆ. ಕೆಲವೇ ದಿನಗಳಲ್ಲಿ ಬುಡದ ಎಲೆಗಳು ಹಳದಿಯಾದವು. ಆಮೇಲೆ ಬೆಳಕು ದಾಟುವಷ್ಟು ತಿಳಿಯಾಗಿ, ಮುಟ್ಟಿದರೆ ಕಳಿತ ಬಾಳೆಹಣ್ಣಿನಂತೆ ಮೆತ್ತಗಾದವು. ಎಲೆ ಜೋತು ಬಿದ್ದದ್ದನ್ನು ಕಂಡು ನನಗೆ ತೋಚಿದ್ದು ಒಂದೇ, ಬಾಯಾರಿದೆ ಪಾಪ. ಇನ್ನೊಂದು ಚರಿಗೆ ಹಾಕಿದೆ.

ಪಕ್ಕದ ಮನೆಯವಳು ಬಂದದ್ದು ಆಗ. ವೈನಿ, ಅಂದರೆ ಅತ್ತಿಗೆ, ಅಂತ ಅವಳನ್ನು ಕರೆಯುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವಳು. ಕ್ಯಾಸಲ್‌ರಾಕಿನವಳು, ಅಪ್ಪ ಅಲ್ಲಿ ರೈಲು ಹಳಿಯ ಕೆಲಸದಲ್ಲಿದ್ದವನು. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ನಮ್ಮದೇ ಕನ್ನಡ, ಮಾತಿನ ತುದಿಗೆ ಮಾತ್ರ ಒಂದು 'ಗೋ' ಉಳಿದಿತ್ತು. ಡಬ್ಬಿಯನ್ನು ಬಗ್ಗಿ ನೋಡಿ ಸೊಂಟದ ಮೇಲೆ ಕೈ ಇಟ್ಟಳು.

"ಏನ ಗೋ ಇದು? ಡಬ್ಬಿಯೊಳಗ ಬಾವಿ ತೋಡೀಯೇನು?"

"ಗಿಡಕ್ಕ ನೀರ ಹಾಕೂದೂ ತಪ್ಪೇನು?" ಅಂದೆ, ಮೂಗಿನ ತುದಿಗೇ ಸಿಟ್ಟು ನನಗೆ.

ವೈನಿ ಜಗಳಕ್ಕೆ ನಿಲ್ಲಲಿಲ್ಲ. ಡಬ್ಬಿಯನ್ನು ಎತ್ತಿ ಕವುಚಿದಳು. ಕಪ್ಪು ನೀರು ಬಂತು, ಅದರ ಹಿಂದೆಯೇ ವಾಸನೆ. ಗಿರಣಿಯ ವಾಸನೆಯೇ ಮೇಲು ಅನ್ನಿಸಿತು. ಬೇರುಗಳಿದ್ದ ಜಾಗದಲ್ಲಿ ನೆನೆದ ಹುರಿಯಂಥದ್ದೇನೋ ಇತ್ತು, ಎಳೆದರೆ ಕೈಗೇ ಬಂತು. ಅದನ್ನು ಕಂಡು ನನಗೆ ಅಳು ಬಂತು. "ನಮ್ಮ ಅವ್ವ ಕೊಟ್ಟದ್ದು ವೈನಿ, ಏನರ ಮಾಡ್ರಿ," ಅಂದೆ. ಸಿಟ್ಟೆಲ್ಲ ಎಲ್ಲಿ ಹೋಯಿತೋ.

"ಅಳಬ್ಯಾಡ. ಸುಳಿ ಇನ್ನೂ ಗಟ್ಟಿ ಐತಿ. ಸುಳಿ ಗಟ್ಟಿ ಇದ್ರ ಜೀವ ಐತಿ ಅಂತ ಅರ್ಥ. ಈಳಗಿ ತಾ."

ಮೊದಲು ಮೆತ್ತಗಾದ ಎಲೆಗಳನ್ನೆಲ್ಲ ಕಿತ್ತು ಎಸೆದಳು. ಆಮೇಲೆ ಬುಡವನ್ನು ಚೂರು ಚೂರೇ ಕೊಯ್ಯುತ್ತ ಹೋದಳು. ಕಂದು ಕಲೆ ಕಂಡರೆ ಇನ್ನೊಂದು ಚೂರು, ಮತ್ತೆ ಕಂಡರೆ ಮತ್ತೊಂದು. ಪ್ರತಿಸಲವೂ ಈಳಿಗೆಯನ್ನು ಒರೆಸುತ್ತಿದ್ದಳು, ಕೊಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹತ್ತಬಾರದೆಂದು. ನನಗೋ ಎದೆಯನ್ನೇ ಕೊಯ್ಯುತ್ತಿದ್ದಂತೆ ಆಗುತ್ತಿತ್ತು. ಕೊನೆಗೆ ಪೂರಾ ಬಿಳಿಯ ತಿರುಳು ಕಂಡಿತು. ಅಷ್ಟು ದೊಡ್ಡ ಗಿಡದಲ್ಲಿ ಉಳಿದದ್ದು ಅಂಗೈ ಮೇಲೆ ಕೂರುವಷ್ಟು. ಕೊಯ್ದ ಜಾಗಕ್ಕೆ ಒಲೆಯ ಬೂದಿ ಮೆತ್ತಿ, ಅಡುಗೆಮನೆಯ ಅಟ್ಟದ ಮೇಲೆ, ಒಲೆಯ ಝಳ ನೇರವಾಗಿ ಬಡಿಯದ ಮೂಲೆಯಲ್ಲಿ, ಬರಿಯ ಹಲಗೆಯ ಮೇಲೆ ಇಟ್ಟಳು.

"ಮಣ್ಣು?"

"ಗಾಯ ಒಣಗಿ ಸಿಪ್ಪಿ ಕಟ್ಟೂತನಕ ಮಣ್ಣ ತೋರಸಬ್ಯಾಡ. ನೀರಿನ ಹೆಸರಂತೂ ಎತ್ತಲೇಬ್ಯಾಡ." ಕೈ ತೊಳೆಯುತ್ತ ವೈನಿ ನಕ್ಕಳು. "ನಿಮ್ಮೂರಾಗ ನೀರ ಕೊಡೂದು ಪುಣ್ಯ. ನಮ್ಮ ಕ್ಯಾಸಲ್‌ರಾಕಿನ್ಯಾಗ ನೀರ ತಡಿಯೂದ ದೊಡ್ಡ ವಿದ್ಯಾ ಗೋ. ಮಳಿ ಹಿಡದ್ರ ಅಲ್ಲಿ ಕಟಗಿ ಕೊಳೀತೈತಿ, ಚಪ್ಪಲಿ ಕೊಳೀತೈತಿ, ಮನಶಾನೂ ಕೊಳೀತಾನ."

ಆ ವರ್ಷದ ನಾಗರ ಪಂಚಮಿಗೆ ಅಣ್ಣ ಬಂದು ನನ್ನನ್ನು ತವರಿಗೆ ಕರೆದೊಯ್ದ. ಮೊದಲ ಪಂಚಮಿ, ಹೋಗದೆ ಇರುವಂತಿಲ್ಲ. ಅವ್ವ ತಂಬಿಗೆಯಲ್ಲಿ ಕಾಲಿಗೆ ನೀರು ಕೊಡುತ್ತಲೇ ಕೇಳಿದ್ದು ಗಿಡವನ್ನು. "ಹಸರ ಐತೇನು?"

"ಐತಿ," ಅಂದೆ. ಅಟ್ಟದ ಮೇಲೆ ಮಲಗಿದ್ದರೇನು, ಸುಳಿ ಹಸಿರೇ ಇತ್ತಲ್ಲ!

ತಿರುಗಿ ಬಂದ ಮೇಲೆ ವೈನಿ ಮುಂದೆ ನಿಂತು ಡಬ್ಬಿ ತುಂಬಿಸಿದಳು. ನನ್ನ ಡಾಂಬರನ್ನು ಮೊಳೆಯಿಂದ ಕೆದಕಿ ತೆಗೆದು, ಪಕ್ಕದಲ್ಲಿ ಇನ್ನೂ ನಾಲ್ಕಾರು ತೂತು ಹೊಡೆದಳು. ತಳಕ್ಕೆ ಒಡೆದ ಹಂಚಿನ ಚೂರು, ಅದರ ಮೇಲೆ ಕಾಳಿ ಹೊಳೆಯ ದಪ್ಪ ಉಸುಕು, ಒಂದು ಹಿಡಿ ಇದ್ದಿಲು ಪುಡಿ, ಮಣ್ಣು ಹೆಸರಿಗಷ್ಟೇ. ಎರಡು ಇಟ್ಟಂಗಿಯ ಮೇಲೆ ಡಬ್ಬಿಯನ್ನು ಎತ್ತರಿಸಿ, ಬೆಳಕು ಬೀಳುವ ಆದರೆ ಇರಚಲು ತಾಗದ ಸೂರಿನ ಕೆಳಗೆ ಇಟ್ಟೆವು. ನೀರು ಹಾಕುವ ಮೊದಲು ಉಸುಕಿನೊಳಗೆ ಕೈಬೊಟ್ಟು ಇಳಿಸಿ ನೋಡಬೇಕು, ಆಳದಲ್ಲಿ ಹಸಿ ಹತ್ತಿದರೆ ಚರಿಗೆ ಕೆಳಗಿಡಬೇಕು. ಮಳೆಗಾಲ ಮುಗಿಯುವ ತನಕ ಬೊಟ್ಟು ಇಳಿಸುವ ಗೋಜಿಗೂ ಹೋಗಬಾರದು. ಇದಿಷ್ಟು ವೈನಿಯ ಕಟ್ಟಪ್ಪಣೆ. ನನ್ನ ಕೈ ಚರಿಗೆಯ ಕಡೆ ಹೋಗುತ್ತಿತ್ತು, ನಾನೇ ಎಳೆದುಕೊಳ್ಳುತ್ತಿದ್ದೆ. ನೀರಿದ್ದೂ ಕೊಡದೆ ಇರುವುದು ನನಗೆ ನೀರಿಲ್ಲದ್ದಕ್ಕಿಂತ ಕಷ್ಟವಾಯಿತು. ಚಳಿಗಾಲದಲ್ಲಿ ಅದು ಬೇರು ಬಿಟ್ಟು ಗಟ್ಟಿಯಾಗಿ ನಿಂತಿತು. ಬೇಸಿಗೆಗೆ ಹೊಸ ಎಲೆಗಳು ಬಂದವು. ಪಕ್ಕದಲ್ಲಿ ಮರಿಗಿಡ ಮಾತ್ರ ಇನ್ನೂ ಒಡೆದಿರಲಿಲ್ಲ.

ಮರುವರ್ಷದ ಪಂಚಮಿಗೆ ನಾನು ತವರಿಗೆ ಹೋಗಲು ಆಗಲಿಲ್ಲ. ಹೊಟ್ಟೆಯಲ್ಲಿ ಕೂಸು, ನೀರು ಕುಡಿದರೂ ವಾಂತಿ. ಪಂಚಮಿಗೆ ಹೋಗದ ಹೆಣ್ಣಿನ ಸಂಕಟ ನಮ್ಮ ಕಡೆಯವರಿಗೇ ಗೊತ್ತು. ಸಣ್ಣ ಮಕ್ಕಳ ಹಾಗೆ ಅತ್ತೆ. ಅದು ಹೇಗೆ ಗೊತ್ತಾಯಿತೋ, ಅಳ್ನಾವರದಿಂದ ಬರುವ ರೈಲುಗಾಡಿ ಇಳಿದು ಅವ್ವ ತಾನೇ ಬಂದಳು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಗಂಟು ತಲೆಯ ಮೇಲೆ, ಮೊಳಕಾಲ ತನಕ ಕೆಸರು. ಅವಳು ದಾಂಡೇಲಿಗೆ ಬಂದದ್ದು ಅದೇ ಮೊದಲು, ಅದೇ ಕೊನೆ.

ಕಾಲು ತೊಳೆಯಲು ನಲ್ಲಿ ತಿರುವಿಕೊಟ್ಟೆ. ಅವ್ವ ಗಾಬರಿಯಾಗಿ ಎರಡೂ ಕೈಯಿಂದ ಅದರ ಬಾಯಿ ಮುಚ್ಚಿದಳು. "ಬಂದ ಮಾಡ, ಬಂದ ಮಾಡ! ಮುಗದೀತು!"

"ಮುಗಿಯೂದಿಲ್ಲಬೇ ಅವ್ವಾ. ಹೊಳಿ ನೀರ ಅದು."

ಅವಳು ನಂಬಲಿಲ್ಲ. ಒಂದೆರಡು ದಿನ ಚರಿಗೆಯಲ್ಲೇ ಹಿಡಿದು, ಅದರಲ್ಲೂ ಅರ್ಧ ಉಳಿಸಿ, ಬಳಸಿದಳು. ಆಮೇಲೆ ನಂಬಿಕೆ ಬಂತು ನೋಡಿ, ಇನ್ನು ಅವಳನ್ನು ಹಿಡಿಯುವವರಿಲ್ಲ. ಅಂಗಳ ತೊಳೆದಳು. ತೊಳೆದ ಅಂಗಳವನ್ನೇ ಮತ್ತೆ ತೊಳೆದಳು. ಮಳೆ ಸುರಿಯುತ್ತಿರುವಾಗಲೂ ತುಳಸಿಗೆ ನೀರು, ದಾಸವಾಳಕ್ಕೆ ನೀರು. ವೈನಿಯ ಮನೆಯ ಬದನೆ ಗಿಡವನ್ನೂ ಬಿಡಲಿಲ್ಲ. ಕೊನೆಗೆ ಸೂರಿನ ಕೆಳಗಿದ್ದ ಲೋಳಸರದ ಮುಂದೆ ಬಂದು ನಿಂತಳು. ಉಸುಕನ್ನು ಮುಟ್ಟಿ ನನ್ನ ಕಡೆ ತಿರುಗಿದಳು.

"ಇದೇನವ್ವಾ, ಮಣ್ಣ ಬರೇ ಧೂಳ ಐತಲ್ಲ! ನೀರ ಇದ್ದ ಮನ್ಯಾಗ ಇದನ್ನ ಉಪಾಸ ಕೆಡವೀ ಏನು? ನನ್ನ ಮನ್ಯಾಗಂತೂ ತೂಗಿ ತೂಗಿ ಸಾಕಾತು ಅದಕ್ಕ. ಇಲ್ಲರ ಹೊಟ್ಟಿ ತುಂಬ ಕುಡಿಲಿ." ಅಷ್ಟಂದು ತುಂಬಿದ ಚರಿಗೆಯನ್ನು ಬಗ್ಗಿಸಿಯೇ ಬಿಟ್ಟಳು.

ನನ್ನ ಜೀವ ಬಾಯಿಗೆ ಬಂತು. ಬೇಡ ಅನ್ನಬೇಕು. ಆರು ಹೆತ್ತವಳಿಗೆ ಮೂರು ಹೆತ್ತವಳು ಬುದ್ಧಿ ಹೇಳಿದ ಹಾಗೆ ಅಂತಾರೆ, ನಾನಿನ್ನೂ ಒಂದನ್ನೂ ಹೆತ್ತವಳಲ್ಲ! ಇವತ್ತೊಂದು ದಿನ ತಾನೇ ಎಂದು ಸುಮ್ಮನಾದೆ. ಅವಳು ಮರುದಿನವೂ ಹಾಕಿದಳು, ಸಂಜೆಯೂ ಹಾಕಿದಳು. ನಮ್ಮವರು ಅವಳಿಗೆ ಕಾಣದ ಹಾಗೆ ಡಬ್ಬಿಯ ತೂತುಗಳನ್ನು ಇನ್ನಷ್ಟು ದೊಡ್ಡದು ಮಾಡಿದರು. ನಾನು ಮೇಲಿನ ಹಸಿ ಉಸುಕನ್ನು ತೆಗೆದು ಒಲೆಯ ಪಕ್ಕ ಒಣಗಿಸಿದ್ದನ್ನು ಹಾಕುತ್ತಿದ್ದೆ. ಮೇಲಿನಿಂದ ಅತ್ತೆ ತುಂಬಿಸುವುದು, ಕೆಳಗಿನಿಂದ ಅಳಿಯ ಬಸಿಯುವುದು, ಹೀಗೆ ನಡೆಯಿತು ನಮ್ಮ ಸಂಸಾರ. ಸೂರಿನ ಕೆಳಗೆ ನಾನು ಸರಿಸಿದರೆ ಅವಳು, "ಮೂಲ್ಯಾಗ ಯಾಕ ಕುಂತೈತಿ ಪಾಪ," ಅಂತ ಮಳೆಗೆ ತಂದಿಡುತ್ತಿದ್ದಳು.

ವೈನಿ ಗೋಡೆಯಾಚೆಯಿಂದ ಎಲ್ಲ ನೋಡುತ್ತಿದ್ದವಳು ನನ್ನನ್ನು ಹಿತ್ತಲಿಗೆ ಕರೆದು ಬೈದಳು. "ಬುಡದ ಎಲಿ ಮತ್ತ ಹಳದಿ ಆಗ್ಯಾವ ಗೋ. ಈ ಸಲ ಕೊಯ್ಯಾಕ ಏನೂ ಉಳಿಯೂದಿಲ್ಲ. ಇವತ್ತ ಹೇಳ್ತೀಯೋ, ನಾನ ಬಂದು ಹೇಳ್ಲೋ?"

"ನಾನ ಹೇಳ್ತೇನಿ," ಅಂದೆ. ಮಾತು ಜೋಡಿಸಿಕೊಂಡೇ ಹೋದೆ. ಅವ್ವಾ, ನೀ ಕೊಟ್ಟದ್ದು ಅಂತ ಕಾಪಾಡೀನಿ, ಸಾಯೂದನ್ನ ಬದುಕಿಸೀನಿ, ಇನ್ನ ನೀರು ಸಾಕು.

ಅವ್ವ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಚರಿಗೆ ಹಿಡಿದಿದ್ದಳು. ಅದು ತುಂಬಿ ಅವಳ ಕೈಮೇಲೆ ಹರಿಯುತ್ತಿತ್ತು, ಅವಳು ಸರಿಸುತ್ತಿರಲಿಲ್ಲ. ನಾನು ಬಂದದ್ದು ನೋಡಿ ಅಂದಳು, "ನಿನ್ನ ತಲಿ ಎರಿಯೂವಾಗ ಸೈತ ನಾ ಅಳದ ಹಾಕೀನಿ, ನನ ಮಗಳ. ಸೀಗಿಕಾಯಿ ಇನ್ನೂ ಕಣ್ಣಾಗ ಇರ್ತಿತ್ತು, ಹಂಡೇದಾಗ ನೀರ ಮುಗದಿರ್ತಿತ್ತು. ಉರೀ ಉರೀ ಅಂತ ನೀ ಅಳ್ತಿದ್ದಿ, ನಾ ಸೆರಗಿಲೆ ಒರಸ್ತಿದ್ದೆ. ಈಗ ಹಾಕಬೇಕು ಅನಸ್ತೈತಿ, ಎಷ್ಟ ಹಾಕಿದ್ರೂ ಮುಗಿಯೂದಿಲ್ಲ ನೋಡು ಇದು."

ಅವಳ ಮುಖದಲ್ಲಿ ಅಂಥ ನಗುವನ್ನು ನಾನು ತವರಿನಲ್ಲಿ ಒಂದು ದಿನವೂ ಕಂಡಿರಲಿಲ್ಲ. ಎದ್ದು ಹೋಗಿ ಆ ಚರಿಗೆಯನ್ನು ಲೋಳಸರಕ್ಕೆ ಸುರಿದಳು. ತಲೆ ಎರೆಯುವವರ ಹಾಗೆ ನಿಧಾನಕ್ಕೆ ಸುರಿದಳು, ಇನ್ನೊಂದು ಕೈಯಿಂದ ಎಲೆಗಳನ್ನು ತೊಳೆಯುತ್ತ. ಗಿಡ ಹೋದರೆ ಹೋಗಲಿ, ಅವ್ವನ ಕೈ ಹಿಡಿದು ಸಾಕು ಅನ್ನುವ ಧೈರ್ಯ ನನಗಿರಲಿಲ್ಲ. ಅನ್ನಬಾರದಿತ್ತು ಕೂಡ. ಇವತ್ತಿಗೂ ನನಗೆ ಹಾಗೇ ಅನ್ನಿಸುತ್ತದೆ.

ಶ್ರಾವಣ ಮುಗಿಯುವ ಹೊತ್ತಿಗೆ ಅವ್ವ ಊರಿಗೆ ಹೊರಟಳು. ಸ್ಟೇಶನ್ನಿನಲ್ಲಿ ಗಾಡಿಯ ಕಿಟಕಿಯಿಂದ, "ಗಿಡಕ್ಕ ನೀರ ಹಾಕೂದು ಮರೀಬ್ಯಾಡ," ಅಂದಳು. ಹೂಂ ಅಂದೆ. ಮನೆಗೆ ಬಂದು ಗಿಡ ಹಿಡಿದು ನೋಡಿದರೆ ಸುಳಿ ಸದ್ದಿಲ್ಲದೆ ಕೈಗೆ ಬಂತು, ಡಬ್ಬಿಯಲ್ಲಿ ಬರೀ ಲೋಳೆ. ವೈನಿ ಈಳಿಗೆ ಹಿಡಿದು ಕೂತಳು. ಕೊಯ್ದಳು, ಒರೆಸಿದಳು, ಮತ್ತೆ ಕೊಯ್ದಳು. ಎಲ್ಲಿಯೂ ಬಿಳಿ ಸಿಗಲಿಲ್ಲ.

"ಬಾಯಿ ಸತ್ತಿತ್ತೇನ ನಿನಗ? ಒಂದ ಮಾತ ಹೇಳಿದ್ರ ಉಳೀತಿತ್ತು," ಅಂದಳು.

"ಅವ್ವಗ ಖುಷಿ ಆಗಿತ್ತು ವೈನಿ," ಅಂದೆ. ಅವಳು ಈಳಿಗೆ ಕೆಳಗಿಟ್ಟು ನನ್ನನ್ನು ತಬ್ಬಿಕೊಂಡಳು. ಇಬ್ಬರೂ ಅತ್ತೆವು.

ಈಗ ಹಳಿಯಾಳದಲ್ಲಿ ನಮ್ಮದೇ ಮನೆ ಇದೆ. ಕಟ್ಟೆಯ ಮೇಲೆ ಲೋಳಸರ, ಕಾಡುಬಸಳೆ, ಮುಳ್ಳುಗಳ್ಳಿ ಸಾಲಾಗಿ ಕೂತಿವೆ. ಎಲೆ ಗಾಜಿನ ಹಾಗೆ ಕಂಡರೆ ನೀರು ನಿಲ್ಲಿಸಿ, ಕುಂಡಕ್ಕೆ ತೂತಿಲ್ಲದಿದ್ದರೆ ಗಿಡದ ಆಸೆ ಬಿಡಿ, ಅಂತ ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. ಒಂದೂ ಕೊಳೆತಿಲ್ಲ. ಆದರೆ ಅವು ಯಾವುವೂ ಅವ್ವನ ಕೈಯವಲ್ಲ. ಅವ್ವ ಹೋಗಿ ಬಹಳ ವರ್ಷವಾಯಿತು. ಅವಳು ಇದ್ದಿದ್ದರೆ ಇಡೀ ಸಾಲನ್ನು ಕೊಳೆಸು ಅಂತ ನಾನೇ ನಲ್ಲಿ ತಿರುವಿಕೊಡುತ್ತಿದ್ದೆ.

ಗಿಡ ಹೋದ ಆ ವರ್ಷ, ಅವ್ವನಿಗೆ ಅದನ್ನು ಹೇಳದೆಯೇ ಬಾಣಂತನಕ್ಕೆ ತವರಿಗೆ ಹೋದಾಗ ಕೂಸು ನೋಡಲು ಓಣಿಯ ಹೆಂಗಸರೆಲ್ಲ ಬಂದಿದ್ದರು. ಕೆರೆಯಿಂದ ನೇರ ಬಂದವರು, ಕೊಡಗಳನ್ನು ಬಾಗಿಲಲ್ಲಿ ಇಳಿಸಿ ಒಳಗೆ ಕೂತಿದ್ದರು. ಅವ್ವ ಕೂಸನ್ನು ತೋರಿಸುವುದು ಬಿಟ್ಟು ದಾಂಡೇಲಿಯ ಸುದ್ದಿ ತೆಗೆದಳು. "ನನ್ನ ಮಗಳ ಮನ್ಯಾಗ ಲೋಳಸರಕ್ಕೂ ದಿನಾ ನೀರ ಹಾಕ್ತಾರ, ಗೊತ್ತೇನ್ರೆವಾ? ಕುಡಿದು ಕುಡಿದು ಹೆಂಗ ಬೆಳದೈತಿ ಅಂತೀರಿ!"

"ಎಷ್ಟ ಆಗೇತಿ?" ಅಂತ ಒಬ್ಬಾಕೆ ಕೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಕೂಸನ್ನು ಒಂದು ಮಗ್ಗುಲಿಗೆ ಹಿಡಿದು, ನೆಲದಿಂದ ಗೇಣುದ್ದ ಮೇಲೆ ಕೈ ಇಟ್ಟು, ಇಷ್ಟು, ಅಂತ ತೋರಿಸಿದೆ.

"ಅಷ್ಟ ಎಲ್ಲಿ!" ಅಂದಳು ಅವ್ವ. ನನ್ನ ಮಣಿಕಟ್ಟು ಹಿಡಿದು, ಆ ಕೈಯನ್ನು ತನ್ನ ಎದೆಯ ಮಟ್ಟಕ್ಕೆ ಎತ್ತಿದಳು.